ಹೇಳಿದವರು ಮೊದಲು ಬೆಂಚಿಗೆ ಬನ್ನಿ

ಕೊಪ್ಪಳ,
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ಇನ್ನೂರ ಹದಿನಾರು.

ಹತ್ತನೇ ಕ್ಲಾಸು ಮುಗಿಸಿ, ಬಂದವರೆಲ್ಲರ ಉಪದೇಶ ನುಂಗುತ್ತಾ ಮನೆಯಲ್ಲಿ ಕೂತಿರುವ ಮಕ್ಕಳಿಗೆ ದುರುಗವ್ವ ಮಾಡುವ ಜೈ ಭೀಮ್.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಅಂತ ನಗಬೇಡಿ. ದುಡಿಯುವ ಜನ ಇನ್ನಷ್ಟು ರಜೆ ಬೇಕೆಂದು ಬೀದಿಗಿಳಿದಾಗ, ವರ್ಷದಲ್ಲಿ ದಿನಗಳೇ ಉಳಿದಿಲ್ಲ ಎಂದಿತು ಸರ್ಕಾರ. ಹಾಗಾದರೆ ತಿಂಗಳುಗಳಲ್ಲೆಲ್ಲ ಹೆಚ್ಚು ಅನ್ಯಾಯಕ್ಕೊಳಗಾದ ಫೆಬ್ರವರಿಗೇ ಕೊಡಿ, ಅದಕ್ಕೂ ನ್ಯಾಯ, ನಮಗೂ ನ್ಯಾಯ ಎಂದು ನಮ್ಮವರು ಧರಣಿ ಕೂತರು. ಕೊಟ್ಟರು. ಖಗೋಳಶಾಸ್ತ್ರದವರು ಇನ್ನೂ ಮುನಿಸಿಕೊಂಡಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಹೋರಾಟದ ಕರಪತ್ರಗಳಿಂದ ಕಲಿತವಳು. ನಡುನಡುವೆ ಧಿಕ್ಕಾರ ಕೂಗಿದ ಹಾಗೆ ಕೇಳಿದರೆ ಅದು ನಿಮಗೆ ಕೂಗಿದ್ದಲ್ಲ.

ನಮ್ಮ ಕಾಲದ ಒಂದು ಸಂಗತಿ ಮೊದಲು ಹೇಳಬೇಕು. ನಮ್ಮಲ್ಲಿ ಅತಿ ದೊಡ್ಡ ಸಂಬಳ, ಅತಿ ದೊಡ್ಡ ಮರ್ಯಾದೆ ಇರುವ ಓದು ಚರಂಡಿ. ನಿಮ್ಮ ಕಾಲದಲ್ಲಿ ನಮ್ಮ ಹಿರಿಯರನ್ನು ಮಲದ ಗುಂಡಿಗೆ ಇಳಿಸಿ, ಅವರು ಹೆಣವಾಗಿ ಮೇಲೆ ಬಂದಾಗ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದಿರಿ. ನೀವಲ್ಲ, ನಿಮ್ಮ ದೊಡ್ಡವರು. ಆಮೇಲೆ ಗುಂಡಿ ಹೋರಾಟ ನಡೆಯಿತು. ಊರು ನಿಂತಿರುವುದು ಯಾರ ಕೆಲಸದ ಮೇಲೋ ಅವರಿಗೇ ಮೊದಲ ಸಂಬಳ ಎಂದು ತೀರ್ಮಾನವಾಯಿತು. ಈಗ ಗುಂಡಿಗೆ ಮನುಷ್ಯರು ಇಳಿಯುವುದಿಲ್ಲ. ತೆವಳುಗಣ್ಣು ಇಳಿಯುತ್ತದೆ, ಅದು ಪೈಪಿನೊಳಗೆ ತೆವಳುವ ಯಂತ್ರ, ಮೇಲೆ ನೆರಳಲ್ಲಿ ಕೂತವರು ಅದನ್ನು ನಡೆಸುತ್ತಾರೆ. ಸಂಬಳ ಏರಿದ ಮರುವರ್ಷವೇ, ತಲೆತಲಾಂತರದಿಂದ ಮೂಗು ಮುಚ್ಚಿಕೊಂಡಿದ್ದ ಮನೆತನದವರೆಲ್ಲ ತಮ್ಮ ಪೂರ್ವಜರೇ ಚರಂಡಿಯನ್ನು ಕಂಡುಹಿಡಿದದ್ದು ಎಂದು ಗ್ರಂಥ ತೆಗೆದು ತೋರಿಸಿದರು! ಬೀದಿಗೊಂದು ಚರಂಡಿ ಕೋಚಿಂಗ್ ಹುಟ್ಟಿತು. ಮದುವೆ ಮಾತುಕತೆಯಲ್ಲಿ ಹುಡುಗ ಚರಂಡಿಯಲ್ಲಿದ್ದಾನೆ ಅಂದರೆ ಸಾಕು, ಹೆಣ್ಣಿನ ಕಡೆಯವರು ಜಾತಕ ಕೇಳುವುದಿಲ್ಲ. ಮೆರಿಟ್ ಅನ್ನುವ ನಿಮ್ಮ ಪದ ನಮ್ಮಲ್ಲಿ ಈಗ ಬೈಗುಳ. ಅದನ್ನೂ ಕೋಚಿಂಗಿನವರೇ ಮತ್ತೆ ಚಲಾವಣೆಗೆ ತರಲು ನೋಡುತ್ತಿದ್ದಾರೆ.

ಅಂದರೆ ಮರ್ಯಾದೆ ತಲೆಕೆಳಗಾಯಿತು, ಉಪದೇಶ ಮಾಡುವ ಮಾವಂದಿರು ಮಾತ್ರ ಹಾಗೇ ಉಳಿದರು. ನಿಮಗೆ ಸೈನ್ಸ್ ತಗೋ ಅನ್ನುವವರು ನಮ್ಮಲ್ಲಿ ಚರಂಡಿ ತಗೋ ಅನ್ನುತ್ತಾರೆ. ಅವರಿಂದ ಮಕ್ಕಳನ್ನು ಕಾಪಾಡಲು ನಮಗೆ ಬೆಂಚು ಕಾಯ್ದೆ ಇದೆ. ಹತ್ತು ಮುಗಿಸಿದ ಮಗು, ಮುಂದಿನ ಓದು ಆರಿಸುವ ದಾರಿದಿನದಂದು, ಬೀದಿಯ ಕಟ್ಟೆಯ ಮೇಲೆ ನಿಂತು, ನಾನು ಇಂಥದ್ದು ಓದುತ್ತೇನೆ ಅನ್ನುತ್ತದೆ. ಅದು ಬೇಡ, ಇದು ಓದು ಅನ್ನುವ ಹಕ್ಕು ಹಿರಿಯರಿಗೂ ಉಂಟು. ಆದರೆ ಹೇಳಿದವರು, ತಾವು ಹೇಳಿದ ಓದಿನ ತರಗತಿಯಲ್ಲಿ, ಮಕ್ಕಳ ಬೆಂಚಿನ ಮೇಲೆ, ಏಳು ದಿನ ಕೂತು ಬರಬೇಕು. ಬಂದ ಮೇಲೂ ಅದೇ ಮಾತು ಆಡಿದರೆ ಮಗು ಒಂದು ವರ್ಷ ಅವರು ಹೇಳಿದ್ದನ್ನೇ ಓದಬೇಕು. ನಿಮ್ಮಂಥವರಿಗೆ ಐ.ಟಿ.ಐ. ಸಾಕು ಎಂದು ಯಾರಾದರೂ ಅಂದರೆ ಅವರಿಗೆ ಹದಿನಾಲ್ಕು ದಿನ, ಮುಂದಿನ ಸಾಲಿನಲ್ಲಿ. ಐ.ಟಿ.ಐ. ಓದು ಕಡಿಮೆಯಲ್ಲ, ಅದರ ಪಕ್ಕ ಸಾಕು ಅನ್ನುವ ಪದ ಇಡುವ ನಾಲಿಗೆ ಕಡಿಮೆಯದು.

ಈ ವರ್ಷ ನನ್ನ ಮೊಮ್ಮಗಳು ಹುಲಿಗೆವ್ವ ಕಟ್ಟೆ ಹತ್ತಿದಳು. ನಿಂತು, ಜೇಡ ಓದುತ್ತೇನೆ ಅಂದಳು. ಆನೆಗೊಂದಿ ಬೆಟ್ಟದ ಹತ್ತಿರ ಜೇಡಶಾಲೆ ಇದೆ. ಜೇಡಗಳ ಬದುಕು, ಬಲೆ, ಜಗಳ ಎಲ್ಲ ಕಲಿಸುತ್ತಾರೆ. ಈ ಹುಡುಗಿ ನಡೆಯಲು ಕಲಿತಾಗಿನಿಂದ ಮನೆಯ ಮೂಲೆಗಳಲ್ಲೇ ಬೆಳೆದವಳು, ಕಸಬರಿಗೆ ಹಿಡಿದವರ ಜೊತೆ ಹೊಡೆದಾಡಿದವಳು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಅಷ್ಟರಲ್ಲಿ ನನ್ನ ಮಗ ಯಂಕೋಬ, ಅಂದರೆ ಅವಳ ಸೋದರಮಾವ, ಎದ್ದು ನಿಂತ. ಗಂಗಾವತಿ ರೂಟಿನಲ್ಲಿ ಗಾಳಿಬಂಡಿ ಓಡಿಸುವವನು. ಗಾಳಿಬಂಡಿ ಅಂದರೆ ನಿಮ್ಮ ಬಸ್ಸೇ, ಡೀಸೆಲ್ ಇಲ್ಲ, ಗಾಳಿ ಬೀಸದಿದ್ದರೆ ಪ್ರಯಾಣಿಕರು ಇಳಿದು ತಳ್ಳಬೇಕು.

“ಏ ಹುಲಿಗಿ, ಜೇಡ ನೋಡ್ಕೊಂತ ಕುಂತ್ರ ಹೊಟ್ಟಿ ತುಂಬತೈತೇನಬೇ? ಚರಂಡಿ ತಗೋ, ರಾಣಿ ಹಂಗ ಇರ್ತಿ” ಅಂದ.

“ಜೇಡದ ಹೊಟ್ಟಿ ತುಂಬತೈತಲ್ಲ ಮಾಮಾ, ನಂದೂ ತುಂಬತೈತಿ” ಅಂದಳು ಇವಳು.

“ಜೇಡದಿಂದ ಏನ್ ಉಪಯೋಗ?”

“ನಿನ್ನಿಂದ ಏನ್ ಉಪಯೋಗ ಅಂತ ನಾವ್ಯಾರರ ಕೇಳೀವೇನು? ಹೇಳಿದ್ಯಲ್ಲ, ಬೆಂಚಿಗೆ ನಡಿ.”

ಬೀದಿಯೆಲ್ಲ ಹೋ ಎಂದಿತು. ಯಂಕೋಬ ಮೀಸೆ ತಿರುವಿ, ಏಳು ದಿನ ಅಲ್ಲ, ಎಪ್ಪತ್ತು ದಿನ ಕೂರುತ್ತೇನೆ ಎಂದು ಹೋದ. ಹುಲಿಗೆವ್ವ ನಿಶ್ಚಿಂತೆಯಿಂದ ಬಟ್ಟೆ ಗಂಟು ಕಟ್ಟಿಕೊಂಡಳು. ಬೆಂಚಿಗೆ ಹೋದ ಮಾವಂದಿರು ಮೂರನೇ ದಿನಕ್ಕೇ ಹೊಟ್ಟೆನೋವು ಎಂದು ವಾಪಸು ಬರುವುದು ನಮ್ಮಲ್ಲಿ ವಾಡಿಕೆ. ಡಾಕ್ಟರ್ ಆಗು ಎಂದು ಹೇಳಿ ಹೋದ ನಮ್ಮ ಎದುರುಮನೆ ದೊಡ್ಡಪ್ಪನನ್ನು, ಮೊದಲ ಹೆಣ ನೋಡಿದಾಗ, ಅದರ ಪಕ್ಕದ ಟೇಬಲಿನ ಮೇಲೇ ಮಲಗಿಸಿ ನೀರು ಚಿಮುಕಿಸಬೇಕಾಯಿತು.

ಯಂಕೋಬ ಮೊದಲ ದಿನ ಗೊರಕೆ ಹೊಡೆದನಂತೆ. ಚರಂಡಿ ಪಾಠ ಮಾಡುವ ಶಾಹೀನಾ ಮೇಡಂ, “ಯಜಮಾನ್ರ, ನಿದ್ದಿ ಬಂದ್ರ ನಿಂತ್ಕೊಳ್ರಿ” ಎಂದು ಮೂಲೆಗೆ ನಿಲ್ಲಿಸಿದರಂತೆ. ಎರಡನೇ ದಿನ ಹಲಗೆಯ ಮೇಲಿನದ್ದನ್ನೆಲ್ಲ ಬರೆದುಕೊಂಡನಂತೆ. ಮೂರನೇ ದಿನ ಮನೆಗೆ ಬಂದವನೇ ಬಚ್ಚಲಲ್ಲಿ ಮಂಡಿಯೂರಿ, ಇದರ ಇಳಿಜಾರು ತಪ್ಪು, ನೀರಿಗೆ ಅವಮಾನ ಮಾಡಿದ್ದಾರೆ ಎಂದು ನೆಲ ಅಗೆಯತೊಡಗಿದ. ನಾಲ್ಕನೇ ದಿನ ಊಟದ ತಟ್ಟೆಯಲ್ಲಿ ಸಾರು ಹರಿಯುವ ವೇಗ ನೋಡುತ್ತಾ ತುತ್ತು ಮರೆತ. ಹೆಂಡತಿ ರತ್ನವ್ವ ಬಡಿಸುವ ಸೌಟನ್ನು ಬೇರೆ ರೀತಿ ಹಿಡಿದುಕೊಂಡ ಮೇಲೆ ನೆನಪಾಯಿತು.

ಆಗ ಹುಲಿಗೆವ್ವನ ಮುಖ ಬಾಡಿತು. ಗಂಟು ಬಿಚ್ಚಿ ನನ್ನ ಪಕ್ಕ ಬಂದು ಕೂತು, “ಮಾಮ ಸೋತು ಬರ್ತಾನ ಅಂದ್ಕೊಂಡಿದ್ನಲ್ಲ ಅಜ್ಜಿ, ಇವ ಗೆದ್ದು ಬರಾಕತ್ಯಾನ!” ಎಂದು ಅತ್ತಳು. ಅವಳು ಹೇಳಿದ್ದು ನಿಜ. ಅವನಿಗೆ ರುಚಿ ಹತ್ತಿತ್ತು. ಬಂದು ಮತ್ತೆ ಚರಂಡಿ ಅಂದರೆ ಮುಗಿಯಿತು. ಇವಳು ಒಂದು ವರ್ಷ ಅಲ್ಲಿ ಕೂರಬೇಕು, ಅಷ್ಟರಲ್ಲಿ ಜೇಡಶಾಲೆಯ ಜಾಗ ಬೇರೆಯವರ ಪಾಲು. ನಾವೇ ಬಡಿದಾಡಿ ತಂದ ಕಾಯ್ದೆ ನಮ್ಮ ಹುಡುಗಿಯ ಕುತ್ತಿಗೆಗೇ ಬಂದಿತ್ತು. ಮೂರು ಚಳವಳಿಗಳಲ್ಲಿ ಲಾಠಿ ತಿಂದ ನಾನು ಕೂತು ಅವಳ ಗಂಟನ್ನು ಮತ್ತೆ ಕಟ್ಟಿದೆ.

ಎಂಟನೇ ದಿನ ಯಂಕೋಬ ಕಟ್ಟೆ ಹತ್ತಿದ. ತಲೆ ಬಾಚಿಕೊಂಡಿದ್ದ, ಅದೇ ನಮಗೆ ಗಾಬರಿ. “ಕೇಳ್ರಿ ಮಂದಿ, ಚರಂಡಿಯಂಥಾ ಓದು ಲೋಕದಾಗ ಇನ್ನೊಂದಿಲ್ಲ” ಅಂದ. ಹುಲಿಗೆವ್ವ ಕಣ್ಣು ಮುಚ್ಚಿದಳು. “ಹಿಂದ ನಮ್ಮ ಮಂದೀನ ಅದರಾಗ ಕೊಂದ್ರು. ಅದು ಹೆಂಗ ಹರಿತೈತಿ ಅಂತ ಈಗ ನನಗ ಗೊತ್ತಾಗಾಕತ್ತೈತಿ, ಎದಿ ಝಲ್ ಅಂತೈತಿ. ಇಂಥಾ ಓದು ಈ ಹುಡುಗಿಗ್ಯಾಕ ಕೊಡ್ಲಿ? ಇದನ್ನ ನಾ ಓದ್ತೀನಿ. ಬೇಕಾದ್ರ ಇಕಿ ಜೇಡದ ಬಾಲ ಹಿಡ್ಕೊಂಡು ಹೋಗ್ಲಿ!”

“ಜೇಡಕ್ಕ ಬಾಲ ಇರಂಗಿಲ್ಲ ಮಾಮಾ!” ಎಂದು ಕೂಗಿದಳು ಹುಲಿಗೆವ್ವ, ಅಳುತ್ತಾ, ನಗುತ್ತಾ. ರತ್ನವ್ವ ಮಾತ್ರ, “ಮನಿಗೆ ಬಾ, ನಿಂಗ ಚರಂಡಿ ತೋರಿಸ್ತೀನಿ” ಅಂದಳು. ಐವತ್ತೊಂದನೇ ವಯಸ್ಸಿನಲ್ಲಿ ನನ್ನ ಮಗ ಈಗ ಶಾಹೀನಾ ಮೇಡಂ ಕ್ಲಾಸಿನಲ್ಲಿ ಎರಡನೇ ಸಾಲು. ಹುಲಿಗೆವ್ವ ನಿನ್ನೆ ಬೆಟ್ಟಕ್ಕೆ ಹೊರಟಳು, ಗಾಳಿ ಇರಲಿಲ್ಲ, ಬಂಡಿಯನ್ನು ಅರ್ಧ ದಾರಿ ತಳ್ಳಿಕೊಂಡೇ ಹೋದಳಂತೆ.

ಇನ್ನು ನನ್ನ ಬೇಡಿಕೆ. ಬೆಂಚು ಕಾಯ್ದೆ ಆಕಾಶದಿಂದ ಉದುರಿದ್ದಲ್ಲ. ನಿಮ್ಮ ಕಾಲದಲ್ಲಿ, ನಿಮ್ಮ ವಯಸ್ಸಿನ ಯಾವುದೋ ಮಗು ಉಪದೇಶ ಮಾಡಲು ಬಂದವರನ್ನು ಮೊದಲ ಸಲ ಕ್ಲಾಸಿಗೆ ಕರೆಯಿತು, ಅಲ್ಲಿಂದ ಶುರು. ಆ ಮಗು ಯಾರು ಎಂದು ನಮ್ಮ ಇತಿಹಾಸದವರು ಇಂದಿಗೂ ಕಿತ್ತಾಡುತ್ತಾರೆ. ಹೆಸರು ಸಿಕ್ಕಿಲ್ಲ. ಹೆಸರು ಸಿಗದಿರಲು, ಆ ಮಗು ಇನ್ನೂ ಆ ಮಾತು ಆಡದಿರುವುದೇ ಕಾರಣವಾಗಿರಬಹುದು ಎಂದು ನನಗೆ ಭಯ. ನೀವೆಲ್ಲ ತಲೆಯಾಡಿಸಿ ಸುಮ್ಮನಾದರೆ ಇತ್ತ ನಮ್ಮ ಕಟ್ಟೆಯೂ ಇಲ್ಲ, ಹುಲಿಗೆವ್ವನ ಬೆಟ್ಟವೂ ಇಲ್ಲ.

ಇವತ್ತು ಸಂಜೆ ನಿಮ್ಮ ಮನೆಗೆ ಯಾರೋ ಬರುತ್ತಾರೆ. ಚಹಾ ಆರುವುದರೊಳಗೆ ನಿಮ್ಮ ಇಡೀ ಆಯುಷ್ಯವನ್ನು ಹಂಚಿ ಮುಗಿಸುತ್ತಾರೆ. ಜಗಳ ಬೇಡ. ಅವರು ಹೇಳಿದ ಓದಿನ ಕ್ಲಾಸಿಗೆ ಕೈ ಹಿಡಿದು ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತು, ಪಕ್ಕದಲ್ಲಿ ಅವರಿಗೂ ಜಾಗ ಕೊಡಿ.