ಕಂಬದ ಹಿಂದಿನ ಜಾಗ

ಅಪ್ಪಾ,

ಸತ್ತ ಮೇಲೂ ನಿನ್ನ ರಗಳೆ ತಪ್ಪಲಿಲ್ಲ. ಇವತ್ತು ಪೆನ್ಸಿಲ್ವೇನಿಯಾದ ನಮ್ಮ ಸ್ಲೋವಾಕ್ ಲೂಥರನ್ ಚರ್ಚಿನಲ್ಲಿ, ಗಂಡಸರ ಸಾಲಿನ ನಿನ್ನ ಜಾಗದಲ್ಲಿ ಹೊಸಬನೊಬ್ಬ ಕೂತ. ಮುದುಕಿ ಯುಡಿತಾ ಎಗರಿಬಿದ್ದಳು: "ಏಳಯ್ಯಾ, ಅದು ಓಂಡ್ರೇಯ್ ಜಾಗ!"

"ಅಪ್ಪ ತೀರಿಕೊಂಡಾಯ್ತಲ್ಲ ಅಜ್ಜಿ," ಅಂದೆ.

"ಜಾಗ ತೀರಿಕೊಂಡಿದ್ಯಾ? ಮಗಳು ನೀನೇ ಕೂತ್ಕೋ, ಹೋಗು!"

ಜಗಳ ಮುಗಿದರೆ ಸಾಕೆಂದು ಕೂತೆ. ಅಲ್ಲಿಂದ ಪಾದ್ರಿ ಕಾಣುವುದೇ ಇಲ್ಲ, ಕಂಬ ಅಡ್ಡ. ಕಾಣುವುದು ಹೆಂಗಸರ ಸಾಲಿನಲ್ಲಿ ಅಮ್ಮ ಕೂರುತ್ತಿದ್ದ ಜಾಗ ಮಾತ್ರ.

ಅಮ್ಮನನ್ನು ಮಣ್ಣು ಮಾಡಿದ ಮರುವಾರವೇ ನೀನು ಚರ್ಚು ಬಿಟ್ಟೆ. "ಸ್ಲೋವಾಕ್ ಬಿಟ್ಟು ಇಂಗ್ಲಿಷಿನಲ್ಲಿ ಮಾಡೋ ಪ್ರಾರ್ಥನೆಗೆ ನಾನು ಬರಲ್ಲ" ಎಂದು ಊರೆಲ್ಲ ಜಗಳವಾಡಿದೆ. ನಿನ್ನ ಪರವಾಗಿ ಕ್ಷಮೆ ಕೇಳಿ ಕೇಳಿ ನಾನು ಸೋತೆ.

ನಿಜ ಏನೆಂದು ನನ್ನೊಬ್ಬಳಿಗಾದರೂ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?