ಬೆಂಚಿನ ಮೇಲೆ ಉಳಿದ ಬೂಟು

ಕುಮಾಸಿ, ಮಾರ್ಚ್ 14, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ತಪ್ಪು ಮಾಡಿದ್ದು ನಮ್ಮ ಗ್ಯಾರೇಜಿನ ಮೇಸ್ತ್ರಿ ಬಾದು. ಟ್ಯಾಕ್ಸಿಯ ಡ್ರೈವ್‌ಶಾಫ್ಟಿಗೆ, ಜಾಯಿಂಟಿನೊಳಗೆ ಮಣ್ಣು ಹೋಗದಂತೆ ಮುಚ್ಚುವ ರಬ್ಬರ್ ಬೂಟನ್ನು ಮೊದಲು ತೂರಿಸದೆ ಜಾಯಿಂಟನ್ನೇ ಸುತ್ತಿಗೆಯಲ್ಲಿ ಹೊಡೆದು ಕೂರಿಸಿಬಿಟ್ಟರು. ಆಮೇಲೆ ನೋಡಿದರೆ ಬೂಟು ಬೆಂಚಿನ ಮೇಲೆ ಹಲ್ಲು ಕಿಸಿಯುತ್ತಿತ್ತು.

"ಅದನ್ನ ಸೀಳಿ ಸುತ್ತಿಬಿಡೇ ಅಬ್ರಾಫಿ, ಮೇಲೊಂದು ಟ್ಯೂಬ್ ಪಟ್ಟಿ ಬಿಗಿ. ಯಾರು ಬಗ್ಗಿ ನೋಡ್ತಾರೆ?"

"ಮಣ್ಣು ನೋಡುತ್ತೆ ಮೇಸ್ತ್ರಿ. ಒಳಗೆ ಹೋಗಿ ಜಾಯಿಂಟನ್ನೇ ತಿನ್ನುತ್ತೆ."

"ನಂಗೇ ಪಾಠ ಹೇಳ್ತೀಯಾ? ನಿನ್ನ ತಲೆ ಮೇಲೆ ಪೌಡರ್ ಸುರಿಯೋದು ಈ ಕೈನೇ, ನೆನಪಿರಲಿ!"

ಕೆಲಸ ಕಲಿತು ಮುಗಿಸಿದ ದಿನ ಮೇಸ್ತ್ರಿ ತಲೆಗೆ ಪೌಡರ್ ಸುರಿದರೇನೇ ಇಲ್ಲಿ ಫಿಟ್ಟರ್ ಅನ್ನಿಸಿಕೊಳ್ಳೋದು. ಅಮ್ಮ ಆ ದಿನಕ್ಕೆಂದು ಆಗಲೇ ಬಿಳಿ ಬಟ್ಟೆ ಹೊಲಿಸಿಟ್ಟಿದ್ದಾಳೆ. ನನಗೂ ಆಸೆಯಿತ್ತು, ಸುಳ್ಳೇಕೆ.

ಆದರೂ ಜಾಯಿಂಟ್ ಬಿಚ್ಚಿದೆ. ಬೂಟು ತೂರಿಸಿ, ಗ್ರೀಸ್ ತುಂಬಿ, ಮತ್ತೆ ಕೂರಿಸಿ, ಕ್ಲಿಪ್ ಬಿಗಿದೆ. ಅಕ್ಕಪಕ್ಕದ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ನೋಡಿದರು. ಮಧ್ಯಾಹ್ನ ಮೇಸ್ತ್ರಿ ಎಲ್ಲರಿಗೂ ಮೆಕ್ಕೆಜೋಳದ ಕೆಂಕೆ ಮುದ್ದೆ, ಮೀನು ಹಂಚಿದರು, ನನಗೊಬ್ಬಳಿಗೆ ಇಲ್ಲ. ಬೇಡ, ಇಟ್ಕೊಳ್ಳಲಿ.

ಅಮ್ಮನಿಗೆ ಇನ್ನೂ ಹೇಳಿಲ್ಲ. ಬೆವರು ಒರೆಸಿಕೊಂಡು ಒರೆಸಿಕೊಂಡು ತಲೆಗೂದಲಿಗೆಲ್ಲ ಗ್ರೀಸ್ ಹತ್ತಿದೆ, ಎಷ್ಟು ಸೋಪು ಉಜ್ಜಿದರೂ ಬಿಡಲೊಲ್ಲದು. ಪೌಡರಾಗಿದ್ದರೆ ಒಂದೇ ಚೊಂಬು ನೀರಿಗೆ ಹೋಗಿರುತ್ತಿತ್ತು.