ಅಂಚಿನಲ್ಲಿ ಬರೆದದ್ದು

ಹಾರ್ಲೋ ಮಿಲ್ಸ್, ವರ್ಮಾಂಟ್
ಸೋಮವಾರ, ಮಾರ್ಚ್ ೧, ೨೦೦೪

ಮುದ್ದಿನ ಎಮೆರಿ,

ಹೇಗಿದ್ದೀಯಪ್ಪಾ? ಆ ಹಲ್ಲುನೋವು ಕಡಿಮೆಯಾಯಿತೇ? ಹೋದ ಪತ್ರದಲ್ಲಿ ನೀನು ಅದರ ಸುದ್ದಿಯನ್ನೇ ಎತ್ತಲಿಲ್ಲ. ನೀನು ಒಂದು ವಿಷಯ ಎತ್ತಲಿಲ್ಲವೆಂದರೆ ಅದು ಜಾಸ್ತಿಯಾಗಿದೆ ಎಂದೇ ಅರ್ಥ, ನಿನ್ನನ್ನು ಇಪ್ಪತ್ತಾರು ವರ್ಷ ಸಾಕಿ ನಾನು ಕಲಿತದ್ದು ಅದೊಂದೇ. ಬಾಗ್ದಾದಿನ ನಿಮ್ಮ ಶಿಬಿರದಲ್ಲಿ ಹಲ್ಲಿನ ಡಾಕ್ಟರು ಇದ್ದಾರಂತಲ್ಲ, ದಯವಿಟ್ಟು ಹೋಗು. ಬಂದೂಕು ಹಿಡಿಯುವವನು ಇಕ್ಕಳ ಕಂಡರೆ ಓಡುತ್ತಾನೆ ಎಂದು ನಿನ್ನ ಅಪ್ಪ ಊರೆಲ್ಲ ಹೇಳಿಕೊಂಡು ನಗುತ್ತಿದ್ದಾರೆ. ಉಣ್ಣೆಯ ಕಾಲುಚೀಲ ಆರು ಜೊತೆ ಕಳಿಸಿದ್ದೆ. ಮರಳುಗಾಡಿಗೆ ಉಣ್ಣೆ ಯಾಕಮ್ಮಾ ಎಂದು ನೀನು ಗೊಣಗಿರುತ್ತೀಯ. ರಾತ್ರಿ ಅಲ್ಲಿ ಚಳಿ ಕೊರೆಯುತ್ತದೆ ಎಂದು ನನಗೆ ಹೇಳಿದವನು ಅಲ್ಲೇ ಹುಟ್ಟಿದವನು, ಸುಮ್ಮನೆ ಹಾಕಿಕೋ.

ನಿನ್ನ ಅಪ್ಪನಿಗೆ ಏನೂ ಆಗಿಲ್ಲ, ಮಂಡಿ ಮಾತ್ರ ಹಳೆಯ ರಾಗವನ್ನೇ ಎಳೆಯುತ್ತಿದೆ. ಈ ಸಲ ಮೇಪಲ್ ಮರಗಳು ಬೇಗ ರಸ ಬಿಟ್ಟಿವೆ. ಬಕೆಟ್ಟುಗಳನ್ನೆಲ್ಲ ಕಟ್ಟಿ ಮುಗಿಸಿ, ರಸ ಕುದಿಸಿ ಪಾಕ ಮಾಡುವ ಗುಡಿಸಲಲ್ಲಿ ಹಗಲೆಲ್ಲ ಕೂತಿರುತ್ತಾರೆ. ನಿನ್ನ ಪಾಲಿನ ನಾಲ್ಕು ಬಾಟಲಿ ಪಾಕ ಎತ್ತಿಟ್ಟಿದ್ದೇನೆ, ಯಾರೂ ಮುಟ್ಟುವ ಹಾಗಿಲ್ಲ. ನಾಳೆ ಊರಿನ ವಾರ್ಷಿಕ ಸಭೆ. ಮಧ್ಯಾಹ್ನದ ಊಟಕ್ಕೆ ಬೀನ್ಸ್ ಕಾಳು ಬೇಯಿಸುವ ಪಾಳಿ ಈ ವರ್ಷ ನಮ್ಮದು. ಎರಡು ದೊಡ್ಡ ಮಡಕೆ ನೆನೆಹಾಕಿ ಬಂದಿದ್ದೇನೆ.

ಈಗ ಲೈಬ್ರರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾರೂ ಇಲ್ಲ. ಆದರೂ ಇಷ್ಟು ಬರೆಯುವಷ್ಟರಲ್ಲಿ ನಾಲ್ಕು ಸಲ ಬಾಗಿಲ ಕಡೆ ನೋಡಿದೆ. ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ನಿನ್ನ ತುಕಡಿಯ ಲೈಲ್ ರಜೆ ಮುಗಿಸಿ ನಾಳೆ ಮಧ್ಯಾಹ್ನ ಹೊರಡುತ್ತಾನೆ, ಅವನ ಜೇಬಿನಲ್ಲಿ ಕಳಿಸುತ್ತೇನೆ. ನಲವತ್ತು ವರ್ಷ ಈ ಊರಿನ ಅಂಚೆಯನ್ನು ನಂಬಿದವಳು ನಾನು. ನನಗೇ ಈ ಗತಿ ಬಂತು ನೋಡು. ಓದಿದ ಮೇಲೆ ಸುಟ್ಟುಬಿಡು ಎಂದು ಬರೆಯೋಣ ಅಂದುಕೊಂಡಿದ್ದೆ. ಪುಸ್ತಕ ಕಾಯುವ ಹೆಂಗಸು ಕಾಗದ ಸುಡು ಎನ್ನುವುದೇ? ಬೇಡ. ಇಟ್ಟುಕೋ.

ಹೋದ ಸೆಪ್ಟೆಂಬರಿನಲ್ಲಿ ನಿನ್ನ ಲೈಬ್ರರಿ ಕಾರ್ಡು ನಿಲ್ಲಿಸಿದ್ದೆನಲ್ಲ, ನೆನಪಿದೆಯಾ? ನೀನು ಮೀನು ಹಿಡಿಯಲು ಹೋಗಿ ಹಕ್ಕಿಗಳ ಪುಸ್ತಕವನ್ನು ಹೊಳೆಗೆ ಬೀಳಿಸಿ ಬಂದಿದ್ದೆ. ಹೊಸ ಪ್ರತಿ ತಂದುಕೊಡುವವರೆಗೆ ಒಂದು ಪುಸ್ತಕವೂ ಇಲ್ಲ, ಮಗನಾದರೇನು ಮೊಮ್ಮಗನಾದರೇನು ಎಂದು ಊರವರ ಮುಂದೆ ಜೋರು ಮಾಡಿದ್ದೆ. ಆಗಲೇ ನಿನಗೆ ಸೇನೆಯ ಕರೆ ಬಂದಿತ್ತು. ನೀರು ಶುದ್ಧಿ ಮಾಡುವ ಘಟಕ ಕಾಯುವ ಕೆಲಸ ಬೀಳಬಹುದು ಎಂದು ಹೇಳಿ, ನೀನು ಆ ಹಸಿರು ಬೈಂಡಿನ ನೀರು ಸರಬರಾಜಿನ ಪುಸ್ತಕ, ಇರಾಕಿನ ನಕಾಶೆ ಪುಸ್ತಕ ಎರಡನ್ನೂ ಹಿಡಿದುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದೆ. ಒಲೆಯ ಹತ್ತಿರ ಕೂತಿದ್ದ ನಮ್ಮ ಬಸ್ರಾದ ಹಾಶಿಮ್ ನಕ್ಕು, ‘ಬಿಡಿ ಅಕ್ಕಾ, ಹುಡುಗ ನಮ್ ದೇಶಕ್ಕೇ ಹೋಗ್ತಿದಾನೆ. ನನ್ ಕಾರ್ಡಲ್ಲಿ ಬರ್ಕೊಳ್ಳಿ’ ಎಂದ. ನಾನೂ ನಕ್ಕೆ. ಹಾಶಿಮ್ ಸಫ್ಫಾರ್ ಎಂಬ ಹೆಸರಿನ ಕೆಳಗೆ ನನ್ನ ಕೈಯಾರೆ ಎರಡು ಪುಸ್ತಕ ಬರೆದುಕೊಂಡೆ. ಚಿಕ್ಕ ಊರಿನ ಲೈಬ್ರರಿ, ಯಾರು ಯಾರ ಕಾರ್ಡಿನಲ್ಲಿ ಓದಿದರೆ ಏನಾಗುತ್ತದೆ? ನಾನು ಹಾಗೇ ಅಂದುಕೊಂಡೆ ಮಗಾ.

ಮೂರು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ, ಸರ್ಕಾರದ ಇಬ್ಬರು ಬಂದರು. ಒಳ್ಳೆಯ ಕೋಟು, ತುಂಬ ಮೆತ್ತನೆ ಮಾತು. ಬೂಟಿನ ಹಿಮವನ್ನು ಹೊರಗೇ ಒರೆಸಿಕೊಂಡು ಒಳಗೆ ಬಂದರು. ಒಂದು ಕಾಗದ ಕೊಟ್ಟರು. ಹಾಶಿಮ್ ಓದಿದ ಪುಸ್ತಕಗಳ ಪಟ್ಟಿ ಬೇಕು ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು, ಈ ಕಾಗದ ಬಂದದ್ದನ್ನು ಯಾರಿಗೂ ತಿಳಿಸಬಾರದು ಎಂದು. ನಾನು ‘ಗಂಡನಿಗೆ?’ ಎಂದು ಕೇಳಿದೆ. ಇಬ್ಬರಲ್ಲಿ ಚಿಕ್ಕವನು ‘ಯಾರಿಗೂ ಅಂದ್ರೆ ಯಾರಿಗೂ, ಮೇಡಂ’ ಎಂದ. ‘ಹೇಳಿದ್ರೆ ಏನ್ ಮಾಡ್ತೀರಿ?’ ಎಂದೆ. ಅವನು ನನ್ನ ಮೇಜಿನ ಮೇಲಿದ್ದ ನಿನ್ನ ಫೋಟೊ ನೋಡಿದ. ಸಮವಸ್ತ್ರದ್ದು. ‘ಮಗ ಅಲ್ಲೇ ಇರೋದಾ? ನಮಗೆಲ್ಲ ಹೆಮ್ಮೆ’ ಎಂದ. ಅಷ್ಟೇ ಅಂದದ್ದು. ನಾನು ಪಟ್ಟಿ ಕೊಟ್ಟುಬಿಟ್ಟೆ. ಆ ಎರಡು ಪುಸ್ತಕ ಓದಿದವನು ಹಾಶಿಮ್ ಅಲ್ಲ, ನನ್ನ ಮಗ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ನಿನಗೆ ಏನಾದರೂ ಆದರೆ ಎಂಬ ಹೆದರಿಕೆ, ಬೇರೇನೂ ಇಲ್ಲ.

ನಾಲ್ಕನೆಯ ದಿನ ಹಾಶಿಮನನ್ನು ಅವನ ಪಂಪು ರಿಪೇರಿ ಶೆಡ್ಡಿನಿಂದ ಕರೆದುಕೊಂಡು ಹೋದರು. ಕೈಗೆ ಗ್ರೀಸು ಮೆತ್ತಿಕೊಂಡಿತ್ತಂತೆ, ತೊಳೆಯಲೂ ಬಿಡಲಿಲ್ಲವಂತೆ. ಆರೋಪ ಏನೂ ಇಲ್ಲ, ಸಾಕ್ಷಿ ಎಂದು ಹಿಡಿದಿದ್ದೇವೆ ಎನ್ನುತ್ತಾರೆ. ಯಾವುದಕ್ಕೆ ಸಾಕ್ಷಿ ಎಂದು ವಕೀಲನಿಗೂ ಹೇಳುವುದಿಲ್ಲ. ಆ ವಕೀಲನಿಗೆ ಅವರ ಬಾಯಿಂದ ಬಿದ್ದದ್ದು ಒಂದೇ ಒಂದು ಮಾತು: ಈ ಮನುಷ್ಯನಿಗೆ ಊರಿನ ಕುಡಿಯುವ ನೀರಿನ ಮೇಲೆ ಯಾಕಿಷ್ಟು ಆಸಕ್ತಿ? ಅಯ್ಯೋ ದೇವರೇ! ಬಸ್ರಾದಲ್ಲಿ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದವನು, ಇಲ್ಲಿ ನಮ್ಮೆಲ್ಲರ ಬಾವಿ ಪಂಪು ರಿಪೇರಿ ಮಾಡಿಕೊಂಡಿರುವವನು. ಅದೂ ಸಾಲದೆಂದು ಪಟ್ಟಿಯಲ್ಲಿ ಆ ಪುಸ್ತಕ, ಪಕ್ಕದಲ್ಲಿ ನಕಾಶೆ, ಎರಡೂ ನನ್ನ ಅಕ್ಷರದಲ್ಲಿ. ಅವನೂ ನಿನ್ನಷ್ಟೇ ಈ ದೇಶದ ಪ್ರಜೆ. ಪೌರತ್ವದ ಪ್ರಮಾಣ ಮಾಡಿದ ದಿನ ಅವನಿಗೆ ಟೈ ಕಟ್ಟಿಕೊಟ್ಟವನು ನೀನೇ ಅಲ್ಲವೇ?

ಅವನು ಒಲೆಯ ಮುಂದೆ ಹೇಳುತ್ತಿದ್ದ ಕಥೆ ಈಗ ದಿನಾ ನೆನಪಾಗುತ್ತದೆ. ತೊಂಬತ್ತೊಂದರಲ್ಲಿ ನಮ್ಮವರು ರೇಡಿಯೋದಲ್ಲಿ ಆ ಜನಕ್ಕೆ, ನಿಮ್ಮ ಸರ್ವಾಧಿಕಾರಿಯ ವಿರುದ್ಧ ಏಳಿ ಎಂದು ಹೇಳಿದರಂತೆ. ‘ಏಳಿ ಅಂದ್ರು, ಎದ್ವಿ. ಎದ್ದು ಹಿಂದೆ ತಿರುಗಿ ನೋಡಿದ್ರೆ ಒಬ್ರೂ ಇಲ್ಲ, ಅಕ್ಕಾ. ಹೆಲಿಕಾಪ್ಟರ್ ಬಂದು ನಮ್ ಬೀದಿ ಸುಟ್ಟು ಹಾಕ್ತು. ನಿಮ್ಮವರು ದೂರ ನಿಂತು ನೋಡ್ತಿದ್ರು’ ಎನ್ನುತ್ತಿದ್ದ. ಹೇಳಿ, ಸಿಟ್ಟು ಮಾಡಿಕೊಳ್ಳದೆ ಟೀ ಕುಡಿಯುತ್ತಿದ್ದ. ಮೊದಲು ಆ ದೇಶದ ನೀರಿನ ಕೊಳವೆ ಒಡೆದದ್ದು ನಾವು. ಆಮೇಲೆ ಹತ್ತು ಹನ್ನೆರಡು ವರ್ಷ ರಿಪೇರಿಯ ಸಾಮಾನು ಹೋಗದಂತೆ ತಡೆದದ್ದು ನಾವು. ಈಗ ಅದನ್ನೇ ಕಾಯಲು ನನ್ನ ಮಗನನ್ನು ಕಳಿಸಿರುವುದೂ ನಾವು. ನಾನು ರಾಜಕೀಯ ಮಾತಾಡುವವಳಲ್ಲ, ನಿನಗೇ ಗೊತ್ತು. ಆದರೆ ಅಲ್ಲಿಯ ಜನಕ್ಕೆ ಸ್ವಾತಂತ್ರ್ಯ ಕೊಡಲು ನೀನು ಹೋಗಿದ್ದೀಯ ಎಂದು ದಿನಾ ಟಿವಿಯಲ್ಲಿ ಹೇಳುತ್ತಾರಲ್ಲ, ನಾನಿಲ್ಲಿ ನನ್ನ ಗಂಡನ ಹತ್ತಿರ ಬಾಯಿ ಬಿಡಲು ಹೆದರಿ ಕೂತಿದ್ದೇನೆ. ನನಗೆ ರೇಗುತ್ತದೆ, ಹಿಂದೆಯೇ ಹೆದರಿಕೆಯಾಗುತ್ತದೆ. ಹೆದರಿಕೆಯೇ ಜಾಸ್ತಿ.

ಹೋದ ಗುರುವಾರ ಹಾಶಿಮನ ಹೆಂಡತಿ ವಿದಾದ್ ಇಲ್ಲಿಗೆ ಬಂದಿದ್ದಳು. ಎಂದಿನ ಹಾಗೆ ಖರ್ಜೂರದ ಬಿಸ್ಕತ್ತಿನ ಡಬ್ಬಿ ತಂದಿದ್ದಳು. ಅಂಥ ಹೊತ್ತಿನಲ್ಲೂ ಬರಿಗೈಯಲ್ಲಿ ಬರುವವಳಲ್ಲ. ‘ಅಕ್ಕಾ, ಆ ಸರ್ಕಾರದವರು ಇಲ್ಲಿಗೇನಾದ್ರೂ ಬಂದಿದ್ರಾ? ನಿಮಗೇನಾದ್ರೂ ಗೊತ್ತಾ?’ ಎಂದು ಕೇಳಿದಳು. ನಾನು ಇಲ್ಲ ಎಂದೆ. ಅವಳ ಮುಖ ನೋಡಿಕೊಂಡೇ ಇಲ್ಲ ಎಂದೆ, ಎಮೆರಿ. ಅವಳು ನನ್ನ ಕೈ ಅದುಮಿ, ‘ನೀವು ಗೊತ್ತಿದ್ರೆ ಹೇಳ್ದೆ ಇರೋರಲ್ಲ ಬಿಡಿ’ ಎಂದು ಹೋದಳು. ಆ ಬಿಸ್ಕತ್ತು ನಾನು ಮುಟ್ಟಿಲ್ಲ. ಡಬ್ಬಿ ಇನ್ನೂ ಇಲ್ಲೇ ಮೇಜಿನ ಖಾನೆಯಲ್ಲಿದೆ.

ಮನೆಯಲ್ಲಿ ನಿನ್ನ ಅಪ್ಪ ಬೇರೆ. ‘ಹಾಶಿಮ್ ಒಳ್ಳೆಯವನೇ ಕಣೇ, ಇಲ್ಲ ಅನ್ನಲ್ಲ. ಆದ್ರೂ ಏನೋ ಇದ್ದಿರ್ಬೇಕು. ಸುಮ್‌ಸುಮ್ನೆ ಯಾರನ್ನಾದ್ರೂ ಎತ್ತಾಕೊಂಡ್ ಹೋಗ್ತಾರಾ?’ ಎಂದು ಸೂಪು ಕುಡಿಯುತ್ತಾ ಹೇಳಿದರು. ಊರಿನ ತುಂಬ ಅದೇ ಮಾತು. ಏನೋ ಇದ್ದಿರಬೇಕು. ಆ ಏನೋ ಎಂಬುದು ನಾನೇ, ನಾನು ಬರೆದ ಎರಡು ಸಾಲು. ಚಮಚ ಕೆಳಗಿಟ್ಟು ಎದ್ದುಹೋದೆ. ಸೂಪಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಅವರು ಅಂದುಕೊಂಡರು.

ಈಗ ನಿಜವಾದ ಸಂಕಟ ಕೇಳು. ಶನಿವಾರ ಶನಿವಾರ ನಾನು ರಬ್ಬರು ಹಿಡಿದು ಕೂರುವುದು ನಿನಗೆ ಗೊತ್ತು. ವಾಪಸು ಬಂದ ಪುಸ್ತಕಗಳಲ್ಲಿ ಜನ ಪೆನ್ಸಿಲಿನಿಂದ ಗೀಚಿದ್ದನ್ನೆಲ್ಲ ಅಳಿಸಿ ಕಪಾಟಿಗೆ ಸೇರಿಸುವುದು ನನ್ನ ಕೆಲಸ. ಆ ಹಸಿರು ಪುಸ್ತಕ ಅಕ್ಟೋಬರಿನಲ್ಲೇ ವಾಪಸು ಬಂದಿತ್ತು. ಅದನ್ನು ನಾನು ಅಳಿಸಿರಲಿಲ್ಲ. ಪುಟ ಪುಟಕ್ಕೂ ಅಂಚಿನಲ್ಲಿ ನೀನು ಬರೆದಿದ್ದೀಯ, ಶಾಲೆಯ ಅಭ್ಯಾಸದಂತೆ ಕೆಳಗೆ ನಿನ್ನ ಹೆಸರಿನ ಎರಡಕ್ಷರ, ತಾರೀಖು. ಎಷ್ಟು ಬೈದಿದ್ದೆ ಆ ಚಟಕ್ಕೆ! ನೀನು ಹೋದ ಮೇಲೆ ನಿನ್ನ ಅಕ್ಷರ ನೋಡಬೇಕೆನಿಸಿದಾಗ ಅದನ್ನೇ ತೆಗೆದು ನೋಡುತ್ತಿದ್ದೆ. ಬಂದವರು ಪಟ್ಟಿ ಒಯ್ದರು, ಪುಸ್ತಕ ಕೇಳಲಿಲ್ಲ. ಹಾಶಿಮ್ ಅದನ್ನು ಓದಿದವನಲ್ಲ ಎಂಬುದಕ್ಕೆ ಈ ಭೂಮಿಯ ಮೇಲೆ ಇರುವ ಸಾಕ್ಷಿ ಅದೊಂದೇ.

ಆದರೆ ನೂರಹದಿನಾಲ್ಕನೆಯ ಪುಟದಲ್ಲಿ ನೀನು ಏನು ಬರೆದಿದ್ದೀಯ ಎಂದು ನೆನಪಿದೆಯೇ? ‘ಹಾಶಿಮ್ ಅವರ ಊರಲ್ಲಿ ಇಂಥದೇ ಪಂಪ್‌ಹೌಸ್ ಇತ್ತಂತೆ. ಬಾಂಬು ಹಾಕಿ ಕೆಡವಿದ್ದು ನಾವು. ಕೊಳಕು ನೀರು ಕುಡಿದು ಸತ್ತ ಮಕ್ಕಳಿಗೆ ನಾವು ಏನು ಜವಾಬು ಕೊಡ್ತೀವಿ? ನನ್ನನ್ನ ಯಾಕೆ ಕಳಿಸ್ತಿದಾರೋ ನನಗೆ ಗೊತ್ತಾಗ್ತಿಲ್ಲ.’ ಸಮವಸ್ತ್ರ ಹಾಕುವ ಹನ್ನೊಂದು ದಿನ ಮೊದಲು ಬರೆದದ್ದು, ತಾರೀಖಿನ ಸಮೇತ. ಇದು ಹೊರಗೆ ಬಂದರೆ ನಿನ್ನ ಮೇಲಿನವರು ನಿನ್ನನ್ನು ಏನು ಮಾಡುತ್ತಾರೆ? ಜೊತೆಯವರು ಏನೆನ್ನುತ್ತಾರೆ? ಮೊನ್ನೆ ಶನಿವಾರ ರಬ್ಬರು ತೆಗೆದೆ. ಮೂವತ್ತೊಂದನೆಯ ಪುಟ ಅಳಿಸಿದೆ. ನಲವತ್ತನೆಯದು ಅಳಿಸಿದೆ. ಒಳ್ಳೆಯ ತಾಯಿ ಮಾಡುವ ಕೆಲಸವೇ ಇದು ಎಂದು ನನಗೆ ನಾನೇ ಹೇಳಿಕೊಂಡೆ. ನೂರಹದಿನಾಲ್ಕಕ್ಕೆ ಬಂದಾಗ ವಿದಾದ್ ಅದುಮಿದ ಕೈಯಲ್ಲೇ ರಬ್ಬರು ಇತ್ತು. ಅಳಿಸಲಾಗಲಿಲ್ಲ, ಅಳಿಸದೆ ಬಿಡುವ ಧೈರ್ಯವೂ ಇಲ್ಲ. ಪುಸ್ತಕ ಈಗ ನನ್ನ ಚೀಲದಲ್ಲಿದೆ. ಎಲ್ಲಿ ಹೋದರೂ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಏನು ಮಾಡಲಿ ಎಂದು ನಿನ್ನನ್ನು ಕೇಳಬೇಕಿತ್ತು. ನಿನ್ನ ಉತ್ತರ ಬರಲು ಮೂರು ವಾರ ಬೇಕು. ಅಷ್ಟರಲ್ಲಿ ಆ ಮನುಷ್ಯನನ್ನು ಎಲ್ಲಿಗೆ ಸಾಗಿಸುತ್ತಾರೋ.

ದೇವರು ನಿನ್ನ ತಲೆ ಕಾಯಲಿ. ಅಪ್ಪ ನೆನಪು ಹೇಳಿದ್ದಾರೆ. ನಿನ್ನ ನಾಯಿ ಈಗಲೂ ನಿನ್ನ ಮಂಚದ ಕೆಳಗೇ ಮಲಗುತ್ತದೆ, ಎಬ್ಬಿಸಲು ಹೋದರೆ ನನ್ನ ಮೇಲೇ ಗುರ್ರೆನ್ನುತ್ತದೆ. ಹೊಟ್ಟೆ ತುಂಬ ಉಣ್ಣು, ಕಾಯಿಸಿದ ನೀರೇ ಕುಡಿ.

ಸದಾ ನಿನ್ನನ್ನೇ ನೆನೆಯುವ,
ಅಮ್ಮ
(ಲೊರೀನಾ ಥಿಬೋ)

ತಾ.ಕ. ಮಂಗಳವಾರ, ಹನ್ನೊಂದೂವರೆ. ಸಭೆಯ ಬೆಂಚಿನ ಮೇಲೆ, ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಓಡುತ್ತಿದೆ, ಕ್ಷಮಿಸು. ಲೈಲ್ ಹಿಂದಿನ ಸಾಲಿನಲ್ಲೇ ಕಾಯುತ್ತಿದ್ದಾನೆ. ಬೆಳಿಗ್ಗೆ ಬರುವಾಗ ನಿನ್ನ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದರು. ಪುಸ್ತಕ ಇಸಿದುಕೊಂಡು ನಿನ್ನ ಪುಟ ಓದಿದರು, ಎರಡು ಸಲ. ಆಮೇಲೆ ‘ಕೋಟಿನೊಳಗೆ ಇಟ್ಕೊಳೇ, ಹಿಮ ಬೀಳ್ತಿದೆ, ನೆನೆದುಹೋಗುತ್ತೆ’ ಎಂದು ಗಾಡಿ ಬಿಟ್ಟರು. ಈಗ ಪಕ್ಕದಲ್ಲೇ ಕೂತಿದ್ದಾರೆ. ವಿದಾದ್ ಮೂರನೆಯ ಸಾಲಿನಲ್ಲಿ ಒಬ್ಬಳೇ ಇದ್ದಾಳೆ, ಎರಡೂ ಬದಿಯ ಕುರ್ಚಿ ಖಾಲಿ. ಅವಳ ವಕೀಲನೂ ಬಂದಿದ್ದಾನೆ, ಪುಸ್ತಕ ಅವನ ಕೈಗೆ ಕೊಡುತ್ತೇನೆ. ಆದರೆ ಮೊದಲು ಎಲ್ಲರ ಮುಂದೆ ಹೇಳಬೇಕು. ಮುಚ್ಚಿದ ಬಾಗಿಲ ಹಿಂದೆ ಹೇಳಿದರೆ ನನ್ನ ಮಾತೂ ಹಾಶಿಮನ ಹಾಗೆಯೇ ಕಾಣೆಯಾಗುತ್ತದೆ. ಇನ್ನೂರು ಜನ ಕೇಳಿದ್ದನ್ನು ಕೇಳಿಲ್ಲ ಎನ್ನಿಸಲು ಯಾರಿಂದಲೂ ಆಗುವುದಿಲ್ಲ. ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರು ಹೇಳುತ್ತಿದ್ದೇನೆ. ಅದಕ್ಕೆ ನೀನು ನನ್ನನ್ನು ಬೈಯಬಹುದು, ಮನೆಗೆ ಬಂದು ಬೈ. ಯಾರಾದರೂ ನಿನ್ನನ್ನು ನಿಲ್ಲಿಸಿ ಕೇಳಿದರೆ ‘ಓದಿದ್ದು ನಾನೇ, ಬರೆದದ್ದೂ ನಾನೇ’ ಎಂದು ನಿಜವನ್ನೇ ಹೇಳು. ನನ್ನನ್ನು ಉಳಿಸಲು ಹೋಗಿ ಬೇರೆ ಏನೂ ಹೇಳಬೇಡ. ಹಿಮ ತೆಗೆಯುವ ಗಾಡಿಯ ಚರ್ಚೆ ಮುಗಿಯಿತು. ಅಧ್ಯಕ್ಷರು ಇನ್ಯಾರಿಗಾದರೂ ಮಾತಾಡುವುದಿದೆಯೇ ಎಂದು ಕೇಳುತ್ತಿದ್ದಾರೆ. ಎಡಗೈ ಎತ್ತಿದ್ದೇನೆ ಮಗಾ. ನಿನ್ನ ಅಪ್ಪ ಮೊಣಕೈ ಹಿಡಿದುಕೊಂಡಿದ್ದಾರೆ. ನನ್ನ ಹೆಸರು ಕರೆದರು.